ನಳಿಗೆಯ ಮೇಲಿನ ಮೂರಕ್ಷರ

(ಕೋಟೇಶ್ವರದಲ್ಲಿ ಇತಿಹಾಸಾಸಕ್ತರು ಸೇರಿದ್ದ ಒಂದು ಸಂಜೆಯ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕೋಟಿತೀರ್ಥದ ದಂಡೆಯ ಊರಿಗೆ ಬಂದು ಪಿಸ್ತೂಲಿನ ವಿಷಯ ಮಾತನಾಡುವುದೆಂದರೆ ಕೊಡಿ ಹಬ್ಬದ ಸಂತೆಯಲ್ಲಿ ಕಬ್ಬು ಬಿಟ್ಟು ಕಬ್ಬಿಣ ಕೊಂಡ ಹಾಗೆ. ಬಸ್ರೂರಿನ ಬಂದರು, ಶಾಸನ, ಯಕ್ಷಗಾನ ಎಂದು ಇಲ್ಲಿ ಮಾತಿಗೆ ಬರವಿಲ್ಲ. ಆದರೂ ಸಂಘಟಕರು ಇದೇ ವಿಷಯ ಆಗಬೇಕೆಂದರು. ಕಾರಣ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಎರಡು ವರ್ಷದ ಹಿಂದೆ ಈ ಊರಿನ ಹತ್ತಿರದ ಒಂದು ಮನೆಯ ಪಿಸ್ತೂಲಿನ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆದೆ. ಬರೆದದ್ದು ತಪ್ಪಾಗಿತ್ತು. ಆ ತಪ್ಪಿನ ಬೆನ್ನು ಹತ್ತಿ ಹೋದಾಗ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ನಾನು ಬಂದೂಕು ಹಿಡಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಶೀರ್ಷಿಕೆ ಕೊಡುವುದು ಹೇಳಿಕೊಡುತ್ತಾರೆ, ಉಕ್ಕಿನ ಮೇಲಿನ ಮುದ್ರೆ ಓದುವುದು ಹೇಳಿಕೊಡುವುದಿಲ್ಲ.

ನಡೆದದ್ದು ಇಷ್ಟು. ಆಯುಧಪೂಜೆಯ ಲೇಖನಕ್ಕೆ ಏನಾದರೂ ಹೊಸತು ಬೇಕೆಂದು ಹುಡುಕುತ್ತಿದ್ದೆ. ಪರಿಚಯದವರೊಬ್ಬರು ಒಂದು ಹಳೆಯ ಮನೆಗೆ ಕರೆದುಕೊಂಡು ಹೋದರು. ಒಳಗಿನ ಕೋಣೆಯಲ್ಲಿ ಮಣೆಯ ಮೇಲೆ ಕತ್ತಿ, ಪಿಕಾಸಿ, ಸ್ಕೂಟರಿನ ಬೀಗದ ಕೈ, ಅವುಗಳ ನಡುವೆ ಕುಂಕುಮ ಹಚ್ಚಿದ ಒಂದು ಪಿಸ್ತೂಲು. ಲೈಸನ್ಸ್ ಇತ್ತು, ಮೊಮ್ಮಗನ ಹೆಸರಿಗೆ ವರ್ಗವಾಗಿತ್ತು. "ಇದ್ ನಮ್ಮ ಅಜ್ಜಯ್ಯ ಬರ್ಮಾದಗೆ ಜಪಾನಿನ ಆಫೀಸರ್‍ನ ಸೊಂಟದಿಂದ ಬಿಚ್ಚಿ ತಂದದ್ದ್, ಕಾಣಿ" ಎಂದರು ಆತ. ನಾನು ಕಂಡೆ, ಬರೆದುಕೊಂಡೆ, ಫೋಟೋ ತೆಗೆದೆ. ಭಾನುವಾರ ಮೂರು ಕಾಲಂ ಬಂತು: ಕುಂದಾಪುರ ತಾಲೂಕಿನ ಮನೆಯಲ್ಲಿ ಜಪಾನಿ ಪಿಸ್ತೂಲು!

ಮುಂದಿನ ಶುಕ್ರವಾರ ಕಚೇರಿಗೆ ಒಂದು ಪತ್ರ ಬಂತು. ಬರೆದವರು ಕೊಡಗಿನ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ಸೈನ್ಯದಲ್ಲಿ ಅವರದು ಆರ್ಮರರ್ ಕೆಲಸ, ಎಂದರೆ ಆಯುಧಗಳನ್ನು ಬಿಚ್ಚಿ ಸರಿಮಾಡುವ ಕೆಲಸ. ಈಗ ಬೈಂದೂರಿನ ಕಡೆ ಮಗಳ ಮನೆಯಲ್ಲಿದ್ದಾರೆ. ಬೈಗುಳ ಇರಲಿಲ್ಲ. ನಿಮ್ಮ ಫೋಟೋದಲ್ಲಿರುವುದು ಜಪಾನಿನದಲ್ಲ, ಇಂಗ್ಲೆಂಡಿನ ವೆಬ್ಲಿ ರಿವಾಲ್ವರ್. ನಳಿಗೆಯ ಮೇಲೆ ಕಿರೀಟದ ಗುರುತಿನ ಕೆಳಗೆ ಯಾವ ಅಕ್ಷರಗಳಿವೆ ನೋಡಿ ತಿಳಿಸಿ, ಎಂದಷ್ಟೇ ಬರೆದಿದ್ದರು.

ಆ ಅಕ್ಷರಗಳಿಗೆ ಬರುವ ಮೊದಲು ಒಂದೆರಡು ಮೂಲ ವಿಷಯ ಹೇಳಬೇಕು. ನಮ್ಮ ಕಡೆ ಕೋವಿ ಹೊಸದಲ್ಲ. ಗದ್ದೆಗೆ ಹಂದಿ ಬಂದರೆ ಈಡು ಹಾಕುವ ಕೇಪಿನ ಕೋವಿ, ತೋಟೆ ಕೋವಿ ನೀವೆಲ್ಲ ಕಂಡದ್ದೇ. ಚುನಾವಣೆ ಘೋಷಣೆಯಾದ ಕೂಡಲೇ ಅವುಗಳನ್ನು ಠಾಣೆಗೆ ಒಪ್ಪಿಸಿ ರಶೀದಿ ತರುವುದೂ ಗೊತ್ತು. ಅದು ರೈತನ ಆಯುಧ. ಪಿಸ್ತೂಲು ಹಾಗಲ್ಲ, ಅದು ಒಂದು ಕೈಯಲ್ಲಿ ಹಿಡಿಯುವಂಥದು, ಹತ್ತಿರದ ಮನುಷ್ಯನಿಗಾಗಿ ಮಾಡಿದ್ದು. ಅದರಲ್ಲೂ ಎರಡು ಬಗೆ. ಗುಂಡಿನ ತೋಟೆಗಳು ತಿರುಗುವ ಉರುಳೆಯಲ್ಲಿ ಕೂತರೆ ರಿವಾಲ್ವರ್. ಹಿಡಿಯೊಳಗಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂತು, ಹೊಡೆತದ ಬಲದಿಂದಲೇ ಮುಂದಿನದು ಮೇಲೆ ಬಂದರೆ ಅದು ಸ್ವಯಂಚಾಲಿತ ಪಿಸ್ತೂಲು. ನಮ್ಮ ಮಾತಿನಲ್ಲಿ ಎರಡೂ ಪಿಸ್ತೂಲೇ. ನನ್ನ ಮೊದಲ ತಪ್ಪು ಇಲ್ಲಿಯೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಅಧಿಕಾರಿಯ ಸೊಂಟದಲ್ಲಿ ಹೆಚ್ಚಾಗಿ ಇದ್ದದ್ದು ನಂಬು ಪಿಸ್ತೂಲು, ಉರುಳೆ ಇಲ್ಲದ್ದು. ಅವರಲ್ಲಿ 1893ರ ಒಂದು ಹಳೆಯ ರಿವಾಲ್ವರ್ ಇತ್ತು, ಸುಳ್ಳಲ್ಲ. ಆದರೆ ಅದರ ಆಕಾರವೇ ಬೇರೆ.

ಯುದ್ಧಕಾಲದ ಪಿಸ್ತೂಲುಗಳನ್ನು ಸಂಗ್ರಹಿಸುವುದು ಯುರೋಪು, ಅಮೆರಿಕಗಳಲ್ಲಿ ದೊಡ್ಡ ಹವ್ಯಾಸ. ಅಲ್ಲಿನ ಸಂಗ್ರಾಹಕ ಆಯುಧವನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಹೊಳಪನ್ನಲ್ಲ, ಮುದ್ರೆಗಳನ್ನು. ಸೈನ್ಯಕ್ಕೆ ಸೇರಿದ ಪ್ರತಿ ಆಯುಧದ ಮೈಮೇಲೆ ಅದರ ಜಾತಕ ಕೊರೆದಿರುತ್ತದೆ. ಬ್ರಿಟಿಷ್ ಸರ್ಕಾರದ ಸ್ವತ್ತಾದರೆ ಅಗಲ ತಲೆಯ ಬಾಣದ ಗುರುತು. ಭಾರತದ ಸೈನ್ಯಕ್ಕೆ ಬಂದದ್ದಾದರೆ ಬಾಣದ ಕೆಳಗೆ ಇಂಗ್ಲಿಷಿನ 'ಐ' ಅಕ್ಷರ. ಜರ್ಮನಿಯದಾದರೆ ತಪಾಸಣೆಯ ಹದ್ದು. ಅಲ್ಲಿ ಇನ್ನೊಂದು ಜಾಣತನವಿತ್ತು. ಯಾವ ಕಾರ್ಖಾನೆಯಲ್ಲಿ ಎಷ್ಟು ತಯಾರಾಗುತ್ತಿದೆಯೆಂದು ಶತ್ರುವಿಗೆ ತಿಳಿಯಬಾರದೆಂದು ಹೆಸರಿನ ಬದಲು ಗುಪ್ತಾಕ್ಷರ ಹಾಕಿದರು. 'ಎಸಿ' ಎಂದರೆ ವಾಲ್ಥರ್, 'ಬಿವೈಎಫ್' ಎಂದರೆ ಮೌಸರ್. 'ಬಿವೈಎಫ್ 41' ಎಂದು ಲೂಗರ್ ಪಿಸ್ತೂಲಿನ ಮೇಲಿದ್ದರೆ ಮೌಸರ್ ಕಾರ್ಖಾನೆಯಲ್ಲಿ 1941ರಲ್ಲಿ ಆದದ್ದು. ಅದೇ ಕಾರ್ಖಾನೆ 1942ರಲ್ಲಿ ಲೂಗರ್ ತಯಾರಿಕೆ ನಿಲ್ಲಿಸಿ ಅಗ್ಗದ, ಬೇಗ ಆಗುವ ಪಿ-38 ಮಾದರಿಗೆ ತಿರುಗಿತು. ಆದ್ದರಿಂದ 'ಬಿವೈಎಫ್ 44' ಎಂದು ಕೊರೆದ ಲೂಗರ್ ಯಾರಾದರೂ ತೋರಿಸಿದರೆ ಚಹಾ ಕುಡಿದು ಎದ್ದು ಬರಬಹುದು.

ಜಪಾನಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ನಂಬು ಪಿಸ್ತೂಲಿನ ಮಾದರಿಗೆ '14' ಎಂದು ಹೆಸರು, ತೈಶೋ ಚಕ್ರವರ್ತಿಯ ಆಳ್ವಿಕೆಯ 14ನೇ ವರ್ಷ, ಅಂದರೆ 1925ರದು ಎಂಬ ಕಾರಣಕ್ಕೆ. ತಯಾರಾದ ದಿನ ಸಣ್ಣ ಅಂಕಿಗಳಲ್ಲಿ ಇರುತ್ತದೆ. '18.6' ಎಂದಿದ್ದರೆ ಮುಂದಿನ ಚಕ್ರವರ್ತಿಯ 18ನೇ ವರ್ಷದ ಆರನೇ ತಿಂಗಳು. 1925ನ್ನು ಕೂಡಿಸಿ, 1943ರ ಜೂನ್ ಆಯಿತು. ಶಕವರ್ಷ, ಸಂವತ್ಸರ ಲೆಕ್ಕ ಹಾಕಿ ಅಭ್ಯಾಸವಿರುವ ನಮಗೆ ಇದೇನು ಕಷ್ಟವಲ್ಲ. ಮಂಚೂರಿಯಾದ ಚಳಿಯಲ್ಲಿ ಕೈಗವಸು ಹಾಕಿದ ಬೆರಳು ಕುದುರೆಗೆ ತೂರುತ್ತಿರಲಿಲ್ಲವೆಂದು ಕುದುರೆಯ ಸುತ್ತಿನ ಬಳೆಯನ್ನು ಯುದ್ಧದ ಹೊತ್ತಿಗೆ ದೊಡ್ಡದು ಮಾಡಿದರು. ಬಳೆಯ ಗಾತ್ರ ಒಂದು ಹೇಳಿ, ಅಂಕಿ ಇನ್ನೊಂದು ಹೇಳಿದರೆ ಎಲ್ಲೋ ಬೆರಕೆಯಾಗಿದೆ ಎಂದರ್ಥ.

ಬೆರಕೆ ಎಂದೆ. ಸಂಗ್ರಾಹಕನ ಎರಡನೇ ಪರೀಕ್ಷೆ ಅದೇ. ಲೂಗರ್‍ನಂಥ ಪಿಸ್ತೂಲಿನಲ್ಲಿ ದೊಡ್ಡ ಭಾಗಗಳ ಮೇಲೆ ಪೂರ್ತಿ ಸಂಖ್ಯೆ, ಚಿಕ್ಕ ಭಾಗಗಳ ಮೇಲೆ ಕೊನೆಯ ಎರಡಂಕಿ. ಎಲ್ಲ ತಾಳೆಯಾದರೆ ಅದು ಕಾರ್ಖಾನೆಯಿಂದ ಹೊರಟ ಒಂದೇ ಜೀವ. ತಾಳೆಯಾಗದಿದ್ದರೆ ನಾಲ್ಕು ಸತ್ತ ಪಿಸ್ತೂಲುಗಳಿಂದ ಒಂದು ಬದುಕಿಸಿದ್ದು. ಗುಂಡು ಹಾರಲು ಅದು ಅಡ್ಡಿಯಲ್ಲ, ಬೆಲೆಗೆ ಅಡ್ಡಿ.

ಮೂರನೆಯದು ನಮ್ಮ ಮನೆಗಳಿಗೆ ಹತ್ತಿರದ ವಿಷಯ. ಮನೆಯಲ್ಲಿ ಕಿಲುಬು ಹಿಡಿದ ದೀಪ ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ದೀಪಕ್ಕೆ ಅದು ಸರಿ. ಪಿಸ್ತೂಲಿಗೆ ಅದೇ ಮಾಡಿದರೆ ಮುಗಿಯಿತು. ಮೂಲ ಲೇಪ, ಕೈ ಸವೆತ, ಒರೆಯ ಚರ್ಮ ಉಜ್ಜಿದ ಗುರುತು, ಇವೇ ಅದರ ವಯಸ್ಸಿನ ಸಾಕ್ಷಿ. ಹೊಸದಾಗಿ ನಿಕ್ಕಲ್ ಹೊಡೆಸಿದ ಸೈನಿಕ ಪಿಸ್ತೂಲಿನ ಬೆಲೆ ಧೊಪ್ಪನೆ ಬೀಳುತ್ತದೆ. ಎರಡನೇ ಯುದ್ಧದ ವೆಬ್ಲಿಗಳಲ್ಲಿ ಕೆಲವಕ್ಕೆ 'ವಾರ್ ಫಿನಿಶ್' ಎಂದು ಮುದ್ರೆ ಒತ್ತಿದ್ದಾರೆ. ಯುದ್ಧದ ಅವಸರ, ನಯ ಮಾಡಲು ಪುರಸೊತ್ತಿಲ್ಲ, ಒರಟಾಗಿದ್ದರೆ ನಮ್ಮ ಹೆಸರು ಕೆಡಿಸಬೇಡಿ ಎಂದು ಕಂಪನಿ ಮೊದಲೇ ಹೇಳಿಕೊಂಡಂತೆ. ಆ ಒರಟುತನಕ್ಕೇ ಈಗ ಹುಡುಕಾಟ. ಒರೆಸಿ ನಯ ಮಾಡಿದವನಿಗೆ ಯುದ್ಧವನ್ನೇ ಒರೆಸಿ ಹಾಕಿದ ಪಾಪ.

ಮಾರ್ಪಾಟಿನದೂ ಹಾಗೆಯೇ. 1915ರಲ್ಲಿ ಬಂದ ವೆಬ್ಲಿ ಮಾರ್ಕ್ 6, .455 ಅಳತೆಯ, ಸುಮಾರು ಒಂದು ಕೆ.ಜಿ. ತೂಕದ ಭಾರೀ ರಿವಾಲ್ವರ್. ಮೊದಲ ಯುದ್ಧದ ಕಂದಕಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದದ್ದು. ಮುಂದೆ ಅಮೆರಿಕಕ್ಕೆ ಮಾರಾಟವಾಗಿ ಹೋದವುಗಳಿಗೆ ಅಲ್ಲಿ .455 ತೋಟೆ ಸುಲಭವಾಗಿ ಸಿಗಲಿಲ್ಲ. ಉರುಳೆಯ ಹಿಂಬದಿ ಕೊರೆದು ಅಮೆರಿಕದ .45 ತೋಟೆ ಹಿಡಿಸಿದರು. ಹೀಗೆ ಕೊರೆಸಿಕೊಳ್ಳದೆ ಪಾರಾದದ್ದಕ್ಕೆ ಇವತ್ತು ಮರ್ಯಾದೆ ಹೆಚ್ಚು. ಅದರ ಬದಲಿಗೆ 1932ರಲ್ಲಿ ಬಂದದ್ದು ಎನ್‍ಫೀಲ್ಡ್ ನಂಬರ್ 2, .380 ಅಳತೆ. ಟ್ಯಾಂಕಿನ ಕಿರಿದಾದ ಬಾಗಿಲಲ್ಲಿ ಇಳಿದು ಹತ್ತುವವರಿಗೆ ಹಿಂದಿನ ಕೊಕ್ಕೆ ಬಟ್ಟೆಗೆ ಸಿಕ್ಕುತ್ತದೆಂದು 1938ರಲ್ಲಿ ಕೊಕ್ಕೆಯ ಬಾಲವನ್ನೇ ತೆಗೆದ ಮಾದರಿ ಮಾಡಿದರು. ಹಳೆಯವು ದುರಸ್ತಿಗೆ ಬಂದಾಗ ಅವುಗಳ ಬಾಲವನ್ನೂ ಕತ್ತರಿಸಿದರು. ಬಾಲ ಉಳಿದದ್ದು ಅಪರೂಪ.

ಇಷ್ಟೆಲ್ಲ ಬೆಲೆ ಇರುವಲ್ಲಿ ನಕಲಿ ಇಲ್ಲದಿರುತ್ತದೆಯೇ? ಇಂದಿನ ಪಾಕಿಸ್ತಾನದ ಪೇಶಾವರದ ಹತ್ತಿರ ದರ್ರಾ ಆದಂ ಖೇಲ್ ಎಂಬ ಊರಿದೆ. ಅಲ್ಲಿನ ಕಮ್ಮಾರರು ತಲೆಮಾರುಗಳಿಂದ ಅರ, ಸುತ್ತಿಗೆ ಹಿಡಿದು ಬ್ರಿಟಿಷ್ ಆಯುಧಗಳ ಪಡಿಯಚ್ಚು ಮಾಡಿದವರು. ಕಿರೀಟ ಕೊರೆಯುತ್ತಾರೆ, ಬಾಣ ಕೊರೆಯುತ್ತಾರೆ, ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಚಿತ್ರದಂತೆ ನೋಡಿ ಕೊರೆಯುತ್ತಾರೆ. ಹಾಗಾಗಿ 'ಎನ್' ಅಕ್ಷರ ತಿರುಗಿ ನಿಂತಿರುತ್ತದೆ, ಕಾಗುಣಿತ ಜಾರಿರುತ್ತದೆ. ಸಂಗ್ರಾಹಕರು ಮೊದಲು ಹುಡುಕುವುದು ಆ ತಿರುಗಿದ 'ಎನ್' ಅನ್ನೇ. ನಮ್ಮ ಬಿಹಾರದ ಮುಂಗೇರ್ ಕೂಡ ಈ ವಿದ್ಯೆಯಲ್ಲಿ ಹಿಂದಿಲ್ಲ. ಇನ್ನು ಪ್ರವಾಸಿ ತಾಣದ ಅಂಗಡಿಗಳಲ್ಲಿ ಹಿತ್ತಾಳೆ ಹೂಬಳ್ಳಿ ಕೂರಿಸಿ 'ಈಸ್ಟ್ ಇಂಡಿಯಾ ಕಂಪನಿ' ಎಂದು ಕೊರೆದ ಪಿಸ್ತೂಲು ನೀವೂ ಕಂಡಿರಬಹುದು. ಕಂಪನಿಯ ನಿಜವಾದ ಗುರುತು 1808ರವರೆಗೆ ಒಂದು ಹೃದಯದಾಕಾರದ ಚಿಹ್ನೆ, ಒಳಗೆ ನಾಲ್ಕು ಅಕ್ಷರ. ಆಮೇಲೆ ಎದ್ದು ನಿಂತ ಸಿಂಹ. ತನ್ನ ಪೂರ್ತಿ ಹೆಸರನ್ನು ಬೋರ್ಡಿನಂತೆ ಬರೆಸಿಕೊಳ್ಳುವ ಅಗತ್ಯ ಕಂಪನಿಗೆ ಇರಲಿಲ್ಲ.

ಕಂಪನಿಯ ಮಾತು ಬಂದದ್ದರಿಂದ ನಮ್ಮ ನೆಲದ ಯುದ್ಧದ ಕಡೆ ಒಂದು ಗಳಿಗೆ ತಿರುಗೋಣ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಎಂಬ ಕಂಪನಿಯ ಸೇನಾಪತಿ ಇಲ್ಲೇ ಕುಂದಾಪುರದಲ್ಲಿ ಹಡಗಿನಿಂದ ದಂಡು ಇಳಿಸಿ, ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ಹೋದ. ಬಿದನೂರು ಅವನ ಕೈಗೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಆ ಬಿದನೂರೇ ಇಂದಿನ ಹೊಸನಗರ ತಾಲೂಕಿನ ನಗರ. ಅಲ್ಲಿನ ಒಂದು ಬಾವಿಯಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕಿದವು. ಫಿರಂಗಿಯ ಗುಂಡುಗಳಿರಬೇಕೆಂದು ಎತ್ತಿಟ್ಟರು. ಅವು ಟಿಪ್ಪುವಿನ ಕಾಲದ ರಾಕೆಟ್‍ಗಳೆಂದು ಗೊತ್ತಾಗುವಾಗ 2013. ಮತ್ತೆ 2018ರ ಜುಲೈಯಲ್ಲಿ ಬತ್ತಿದ ಬಾವಿಯ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ಬಂದವು, ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ತಜ್ಞರೇ ಹನ್ನೊಂದು ವರ್ಷ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದ್ದರೆಂದು ಓದಿದಾಗ, ಒಂದು ಭಾನುವಾರದ ನನ್ನ ತಪ್ಪಿಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಟಿಪ್ಪುವಿನ ಪಿಸ್ತೂಲುಗಳ ಕಥೆ ಬೇರೆ. ಶ್ರೀರಂಗಪಟ್ಟಣದ ಅವನ ಕಾರ್ಖಾನೆಯಲ್ಲಿ ಆದ ಚಕಮಕಿ ಪಿಸ್ತೂಲುಗಳನ್ನು ಗುರುತಿಸುವುದು ಕಷ್ಟವಲ್ಲ. ಹುಲಿಪಟ್ಟೆಯ ಅಲಂಕಾರ, ಕಲ್ಲು ಹಿಡಿಯುವ ಕೊಕ್ಕೆ ಹುಲಿಯ ಆಕಾರದ್ದು, ಹಿಜರಿಯ ಬದಲು ಪ್ರವಾದಿಯ ಜನನದಿಂದ ಎಣಿಸಿದ ಮೌಲೂದಿ ವರ್ಷ. ಹಿಜರಿ ಎಂದು ಓದಿದವನ ಲೆಕ್ಕ ಹತ್ತು ಹನ್ನೆರಡು ವರ್ಷ ತಪ್ಪಿ, ಟಿಪ್ಪು ಸತ್ತ ಮೇಲೆ ಮಾಡಿಸಿದ್ದಾಗಿಬಿಡುತ್ತದೆ! ಕೆಲವು ಜೋಡಿಗಳಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದು ಎಡಕ್ಕೆ. ರಾಬಿನ್ ವಿಗಿಂಗ್‍ಟನ್ ಎಂಬ ಇಂಗ್ಲಿಷಿನವ ಜೀವಮಾನವಿಡೀ ಇವನ್ನು ಕೂಡಿಸಿ, 1992ರಲ್ಲಿ ಅವುಗಳ ಮೇಲೆಯೇ ಒಂದು ಪುಸ್ತಕ ಬರೆದ. ಆತನ ಸಂಗ್ರಹ 2005ರಲ್ಲಿ ಲಂಡನ್ನಿನ ಸೋಥೆಬಿಸ್ ಹರಾಜಿಗೆ ಬಂತು. ಒಂದು ಪಿಸ್ತೂಲು ಯಾವ ಪುಸ್ತಕದಲ್ಲಿ ದಾಖಲಾಗಿದೆ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದ ಇದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. 2019ರ ಮಾರ್ಚ್‍ನಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಟಿಪ್ಪುವಿನ ಶಸ್ತ್ರಾಗಾರದ್ದೆಂದು ಹೇಳಲಾದ ಒಂದು ಬಂದೂಕು 60 ಸಾವಿರ ಪೌಂಡಿಗೆ ಹೋಯಿತು. ಮೇಜರ್ ಥಾಮಸ್ ಹಾರ್ಟ್ ಎಂಬ ಕಂಪನಿ ಅಧಿಕಾರಿ ತಂದದ್ದು, ಅವನ ಸಂತತಿಯ ಮನೆಯ ಅಟ್ಟದಲ್ಲೇ ಇದ್ದದ್ದು. ಯುದ್ಧದಲ್ಲಿ ಪೆಟ್ಟು ಬಿದ್ದ ಗುರುತನ್ನು ಯಾರೂ ಸರಿಮಾಡಿರಲಿಲ್ಲ. ಸರಿಮಾಡದೆ ಬಿಟ್ಟದ್ದಕ್ಕೇ ದುಡ್ಡು ಎಂದರೂ ನಡೆಯುತ್ತದೆ. ಲೂಟಿಯ ಮಾಲಿಗೆ ಕಾಗದ ಸರಿಯಿದೆಯೆಂದು ಬೆಲೆ ಹೆಚ್ಚುವುದು ನನಗೇನೋ ಗಂಟಲಲ್ಲಿ ಇಳಿಯುವುದಿಲ್ಲ. ಅದು ಇನ್ನೊಂದು ದಿನದ ಮಾತು.

ಇನ್ನು ಕಾನೂನು. ಇದನ್ನು ಹೇಳದಿದ್ದರೆ, ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ ಹುಡುಗರು ಸಂಗ್ರಹಕ್ಕೆ ಹೊರಟೀರಿ ಎಂಬ ಭಯ ನನಗೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಇದೆ. ಸೈನ್ಯದ ತೋಟೆ ಹಾರಿಸಬಲ್ಲ ಪಿಸ್ತೂಲುಗಳು, ಎಂದರೆ ಆಗ ಹೇಳಿದ .455, .380, ಸೈನಿಕ 9 ಮಿ.ಮೀ. ಇವೆಲ್ಲ ನಿಷೇಧಿತ ಅಳತೆಗೆ ಸೇರಿದವು. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಲೈಸನ್ಸಿಗೆ ಇವು ಸಿಗುವುದಿಲ್ಲ, ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಲೈಸನ್ಸಿಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷ, ಗರಿಷ್ಠ ಹದಿನಾಲ್ಕು ವರ್ಷ ಜೈಲು. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರ ಲೆಕ್ಕದೊಳಗೇ. ಹೆಚ್ಚಿದ್ದವರು ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಇನ್ನು ಮುಂದೆ ದುರಸ್ತಿ ಮಾಡಿದರೂ ಹಾರದಂಥ, ಕಾಲ ಮೀರಿದ ಆಯುಧಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಅದು ಹಾರದು ಎಂದು ತೀರ್ಮಾನಿಸುವವರು ನಾವಲ್ಲ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ರಾಜ್ಯದ ಹೈಕೋರ್ಟ್ ಎತ್ತಿಹಿಡಿಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಬರ್ಮಾದ ಅರಕಾನ್‍ನಲ್ಲಿ ಒಂದು ಬೆಟಾಲಿಯನ್ನನ್ನು ಮುನ್ನಡೆಸಿದವರು ಅವರು. ಯುದ್ಧದ ಆಯುಧ ನೋಡುವ ಆಸೆಯಿದ್ದರೆ ಅಲ್ಲಿಗೆ ಹೋಗಿ, ಗಾಜಿನ ಹಿಂದೆ ಇರುವುದನ್ನು ನೋಡಿ. ಮೈಸೂರು ಅರಮನೆಯ ಆಯುಧಶಾಲೆಯೂ ಇದೆ.

ಕಾನೂನಿನಿಂದ ಒಂದು ವಿಚಿತ್ರ ಪರಿಣಾಮ ಹುಟ್ಟಿದೆ. 1980ರ ದಶಕದಿಂದ ಸಾಮಾನ್ಯರಿಗೆ ವಿದೇಶಿ ಬಂದೂಕು ತರಿಸುವುದು ನಿಂತಿತು. ಅದಕ್ಕೆ ಮೊದಲು ಬಂದ ಹಳೆಯ ವಿದೇಶಿ ಪಿಸ್ತೂಲುಗಳು ಇಲ್ಲಿ ಕೈ ಬದಲಾಗುವುದು ಲಕ್ಷಗಳಲ್ಲಿ. ಇಂಗ್ಲೆಂಡಿನವರು ತಿರುಗಿ ನೋಡದ ಸಾದಾ .32 ರಿವಾಲ್ವರಿಗೆ ಇಲ್ಲಿ ರಾಜಮರ್ಯಾದೆ. ಅದರ ಬೆಲೆ ಇತಿಹಾಸದ್ದಲ್ಲ, ಅಭಾವದ್ದು. ನಮ್ಮಲ್ಲಿ ಲೈಸನ್ಸ್ ಪುಸ್ತಕದಲ್ಲಿ .32 ಎಂದು ಬರೆದ ಬ್ರಿಟಿಷ್ ರಿವಾಲ್ವರ್ ತೋರಿಸಿ 'ಯುದ್ಧದಲ್ಲಿದ್ದದ್ದು' ಎಂದರೆ ಹತ್ತರಲ್ಲಿ ಒಂಬತ್ತು ಸಲ ಅನುಮಾನಿಸಬೇಕು. ಬ್ರಿಟಿಷ್ ಸೈನ್ಯ ಸಿಪಾಯಿಗೆ ಹಂಚಿದ ಅಳತೆ ಅದಲ್ಲ. ಜರ್ಮನ್ ಅಧಿಕಾರಿಗಳ ಬಳಿ ಅದೇ ಅಳತೆಗೆ ಹತ್ತಿರದ ವಾಲ್ಥರ್ ಪಿ.ಪಿ. ಇತ್ತೆಂಬುದು ಹತ್ತನೆಯ ಸಲಕ್ಕೆ.

ಈಗ ಆ ಮನೆಗೆ ವಾಪಸಾಗುತ್ತೇನೆ. ಹವಾಲ್ದಾರರ ಪತ್ರ ಮತ್ತು ಒಂದು ಭೂತಗನ್ನಡಿ ಹಿಡಿದು ಹೋದೆ. ಮೊಮ್ಮಗ ಮೊದಲು ಉರುಳೆ ತೆರೆದು ಖಾಲಿಯಿದೆಯೆಂದು ತೋರಿಸಿ, ಬೆಳಕಿಗೆ ಹಿಡಿದರು. ಸರ್ಕಾರಿ ಬಾಣ ಎಲ್ಲೂ ಇರಲಿಲ್ಲ. ನಳಿಗೆಯ ಮೇಲೆ ಪುಟ್ಟ ಕಿರೀಟ, ಕೆಳಗೆ ಮೂರಕ್ಷರ: ಬಿ, ಎನ್, ಪಿ. ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಹವಾಲ್ದಾರರು ಒಂದು ಕ್ಷಣ ಸುಮ್ಮನಿದ್ದು ವಿವರಿಸಿದರು. ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಹೋಗುವ ಪ್ರತಿ ಬಂದೂಕನ್ನು ಸರ್ಕಾರ ಒಪ್ಪಿದ ಪರೀಕ್ಷಾಗೃಹದಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಸಿಡಿಯದಿದ್ದರೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‍ಹ್ಯಾಮಿನ ಪರೀಕ್ಷಾಗೃಹ ಕಿರೀಟದ ಕೆಳಗೆ ಈ ಮೂರಕ್ಷರವನ್ನು ಹಾಕಲು ತೊಡಗಿದ್ದು 1954ರ ನಿಯಮಗಳು ಬಂದ ಮೇಲೆ. ಅದಕ್ಕೂ ಮೊದಲು ಬೇರೆ ಗುರುತುಗಳಿದ್ದವು. ಜಪಾನ್ ಶರಣಾದದ್ದು 1945ರಲ್ಲಿ. ಯುದ್ಧ ಮುಗಿದು ಒಂಬತ್ತು ವರ್ಷದ ಮೇಲಿನ ಮುದ್ರೆ ಹೊತ್ತ ರಿವಾಲ್ವರನ್ನು ಯಾವ ಜಪಾನಿಯ ಸೊಂಟದಿಂದ ಬಿಚ್ಚಲು ಸಾಧ್ಯ?

ಲೈಸನ್ಸಿನ ಹಳೆಯ ಪುಸ್ತಕ ತೆಗೆಸಿದೆ. ಮೊದಲ ಸಲ ಬಂದಾಗಲೇ ತೆಗೆಸಬೇಕಾಗಿತ್ತು. 1958, ವೆಬ್ಲಿ ರಿವಾಲ್ವರ್, .32, ಮಂಗಳೂರಿನ ವ್ಯಾಪಾರಿಯಿಂದ ಖರೀದಿ. ಅಜ್ಜಯ್ಯ ಆಗ ಅಕ್ಕಿ ಮಿಲ್ಲು ನಡೆಸುತ್ತಿದ್ದರು, ರಾತ್ರಿ ಹೊತ್ತು ಹಣ ಸಾಗಿಸಬೇಕಾಗುತ್ತಿತ್ತು. ಅರ್ಜಿಯಲ್ಲಿ ಕಾರಣವೂ ಹಾಗೆಯೇ ಇತ್ತು. ಅವರು ಸುಳ್ಳು ಹೇಳಿದ್ದರೋ, ಮಕ್ಕಳು ಕೇಳಿದ ಎರಡು ಬೇರೆ ಕಥೆಗಳು ವರ್ಷ ಕಳೆದಂತೆ ಒಂದಕ್ಕೊಂದು ಅಂಟಿಕೊಂಡವೋ, ಹೇಳುವವರಿಲ್ಲ.

ಮೊಮ್ಮಗ ಏನೂ ಹೇಳಲಿಲ್ಲ. ಬಾಗಿಲಲ್ಲಿ ಕೂತಿದ್ದ ಅಜ್ಜಿಗೆ ತೊಂಬತ್ತು ದಾಟಿದೆ. ಕಿವಿ ಮಂದ, ಆದರೂ ಇಷ್ಟು ಕೇಳಿಸಿತ್ತು. "ಹಂಗಾರೆ ಇವ್ರ್ ಬರ್ಮಕ್ಕೆ ಹ್ವಾದ್ದೇ ಸುಳ್ಳಾ ಮಗಾ?" ಎಂದು ಕೇಳಿದರು.

ನನಗೆ ಉತ್ತರ ತೋಚಲಿಲ್ಲ. ಪತ್ರಿಕೆಯಲ್ಲಿ ಎರಡಿಂಚು ತಿದ್ದುಪಡಿ ಹಾಕಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಈ ಅಜ್ಜಿಯ ಮಟ್ಟಿಗೆ ಆ ಎರಡಿಂಚು ಗಂಡನ ಇಡೀ ಯೌವನವನ್ನು ಅಳಿಸಿಹಾಕುತ್ತಿತ್ತು. ಫೋನು ಇನ್ನೂ ಇಟ್ಟಿರಲಿಲ್ಲ. ಹವಾಲ್ದಾರರೇ ಆ ಕಡೆಯಿಂದ ಕೇಳಿದರು: ಸೈನ್ಯದಿಂದ ಬಿಡುಗಡೆಯಾದ ಕಾಗದ ಇರಬೇಕಲ್ಲ, ಪೆಟ್ಟಿಗೆ ನೋಡಲು ಹೇಳಿ.

ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ತೀರುವೆ ರಶೀದಿ, ಜಾತಕ, ಮಿಲ್ಲಿನ ಲೆಕ್ಕ, ಎಲ್ಲಕ್ಕಿಂತ ಕೆಳಗೆ ಮಡಿಕೆಯಲ್ಲಿ ಹರಿದ ಒಂದು ಇಂಗ್ಲಿಷ್ ಕಾಗದ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಚಾಲಕ, ನಂಬರು, ಹೆಸರು, ಬರ್ಮಾದ ಸೇವೆ. ಲಾರಿ ಓಡಿಸಿದವರಿಗೆ ಪಿಸ್ತೂಲು ಕೊಡುತ್ತಿರಲಿಲ್ಲ. ಅಕ್ಕಿ, ಪೆಟ್ರೋಲು, ಮದ್ದುಗುಂಡು ತುಂಬಿಕೊಂಡು ಕೆಸರಿನ ದಾರಿಯಲ್ಲಿ ಹೋಗಿ ಬರುವುದು ಅವರ ಯುದ್ಧ. ಹವಾಲ್ದಾರರು, ಅದರ ಜೊತೆ ಒಂದು ನಕ್ಷತ್ರವೂ ಇರಬೇಕು, ಆರು ಮೂಲೆಯದು, ಎಂದರು. 1941ರ ಡಿಸೆಂಬರಿನಿಂದ 1945ರ ಸೆಪ್ಟೆಂಬರಿನವರೆಗೆ ಬರ್ಮಾದ ಯುದ್ಧದಲ್ಲಿದ್ದವರಿಗೆ ಕೊಟ್ಟ 'ಬರ್ಮಾ ಸ್ಟಾರ್' ಪದಕ.

ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಅಜ್ಜಿ ಎದ್ದು ಒಳಗೆ ಹೋಗಿ, ದೇವರ ಕೋಣೆಯಿಂದ ಬೀಗದ ಕೈಗಳ ಗೊಂಚಲು ತಂದರು. ಕೈಗಳ ನಡುವೆ ಅದೂ ನೇತಾಡುತ್ತಿತ್ತು. ಪಟ್ಟಿ ಯಾವಾಗಲೋ ಹರಿದುಹೋಗಿತ್ತು. ನಡುವಿನ ಕಿರೀಟ ಸವೆದು ಬರೀ ಉಬ್ಬಾಗಿತ್ತು. ಸುತ್ತಲಿನ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ಓದಿದೆ. ನಕ್ಷತ್ರ ಬಂಗಾರದಂತೆ ಹೊಳೆಯುತ್ತಿತ್ತು. ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಾನೇ ತಿಕ್ಕುತ್ತೇನೆಂದು ಅಜ್ಜಿ ಹೇಳಿದರು.